ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಅಂಗಡಿಗೆ ಹೊರುವ ಮೊದಲು ಇಷ್ಟು ಮಾಡಿ

ಮನೆಯ ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ಫ್ಯಾನ್ ತಿರುಗುತ್ತಿದೆಯಾ? ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ಸೀದಾ ಅಂಗಡಿಗೆ ಹೊತ್ತೊಯ್ದು ‘ಫಾರ್ಮ್ಯಾಟ್ ಮಾಡಿಕೊಡಿ’ ಎನ್ನುತ್ತಾರೆ. ಫ್ಯಾನೇ ತಿರುಗದಿದ್ದರೆ ಫಾರ್ಮ್ಯಾಟ್‌ನಿಂದ ಏನು ಪ್ರಯೋಜನ? ಮನೆಯವರ ಫೋಟೊಗಳು ಅಳಿಸಿಹೋಗುವುದಷ್ಟೇ ಉಳಿಯುತ್ತದೆ. ಎಲ್ಲಿಗೆ ಬಂದು ನಿಂತಿದೆ ಎಂದು ಮೊದಲು ಗುರುತಿಸಬೇಕು. ಇಲ್ಲಿ ಹೇಳುತ್ತಿರುವುದು ಡೆಸ್ಕ್‌ಟಾಪ್ ಬಗ್ಗೆ ಮಾತ್ರ.

1. ಫ್ಯಾನ್ ಇಲ್ಲ, ಲೈಟೂ ಇಲ್ಲ

ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಕ್ಯಾಬಿನೆಟ್ ಹಿಂದೆ, ಪವರ್ ಕೇಬಲ್ ಪಕ್ಕದಲ್ಲಿ ಚಿಕ್ಕ ಸ್ವಿಚ್ ಇರುತ್ತದೆ. ಅದರ ಗೆರೆ ಇರುವ ಬದಿ ಒತ್ತಿರಬೇಕು, ಸೊನ್ನೆಯ ಬದಿ ಅಲ್ಲ. ಕಸ ಗುಡಿಸುವಾಗ ಇದು ಆಫ್ ಆಗಿರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಮಾನಿಟರ್‌ನದ್ದೂ ಸಾಮಾನ್ಯವಾಗಿ ಇಂಥದ್ದೇ ಕೇಬಲ್, ಅದನ್ನೇ ಬದಲಾಯಿಸಿ ಹಾಕಿ ನೋಡಬಹುದು. ಆಗಲೂ ಜೀವ ಬಾರದಿದ್ದರೆ ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಪ್ಲಗ್ ಹಾಕಿ.

ಇಷ್ಟಕ್ಕೂ ಅಲುಗದಿದ್ದರೆ ಅನುಮಾನ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮೇಲೆ. ಅದರ ಡಬ್ಬಿ ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯ ತರುವಷ್ಟು ಕರೆಂಟ್ ಉಳಿದಿರಬಹುದು. ಪೇಪರ್ ಕ್ಲಿಪ್‌ನಿಂದ ಹಸಿರು ಮತ್ತು ಕಪ್ಪು ವೈರ್ ಸೇರಿಸಿ ಪರೀಕ್ಷಿಸುವ ವಿಡಿಯೊಗಳಿವೆ. ಅನುಭವ ಇಲ್ಲದವರಿಗೆ ಅದು ಬೇಡ. ಹೊಸದು ಕೊಳ್ಳುವುದಾದರೆ ಕ್ಯಾಬಿನೆಟ್ ಜೊತೆ ಫ್ರೀ ಬರುವ ಹಗುರ ಡಬ್ಬಿ ಬೇಡವೇ ಬೇಡ. ಸ್ಟಿಕ್ಕರ್ ಮೇಲೆ 450 ವಾಟ್ ಎಂದಿರುತ್ತದೆ, ಅಷ್ಟು ಕೊಡುವ ತಾಕತ್ತು ಅದಕ್ಕಿರುವುದಿಲ್ಲ. ಕೆಟ್ಟಾಗ, ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡನ್ನೂ ಜೊತೆಗೆ ಸುಡಬಹುದು. ಸ್ವಲ್ಪ ಜಾಸ್ತಿ ಆದರೂ 80 ಪ್ಲಸ್ ಗುರುತಿರುವ, ಹೆಸರಿರುವ ಕಂಪನಿಯದ್ದೇ ತನ್ನಿ.

2. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮೊದಲು ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕಳಿಸುವ ಬೇರೆ ಕಾರ್ಡ್) ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮದರ್‌ಬೋರ್ಡ್‌ನ ಪೋರ್ಟ್‌ಗೆ ಅಲ್ಲ. ಅದು ಸರಿ ಇದ್ದರೆ ರ‍್ಯಾಮ್ ಕಡೆ ಬನ್ನಿ. ನಾನು ನೋಡಿದ ಕಪ್ಪು ಪರದೆಗಳಲ್ಲಿ ಹೆಚ್ಚಿನವು ಸರಿಯಾದದ್ದು ಇಲ್ಲೇ, ಜನ ಕೆಲಸ ಕೆಡಿಸುವುದೂ ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಪ್ಲಗ್ ಪೂರ್ತಿ ಕಿತ್ತಿಡಿ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಮದರ್‌ಬೋರ್ಡ್ ಮೇಲ್ಮುಖವಾಗಿ ಇರುವಂತೆ ಮಲಗಿಸಿ. ನಿಲ್ಲಿಸಿಕೊಂಡೇ ಮಾಡಲು ಹೋದರೆ ಕೈಗೆ ಹಿಡಿತ ಸಿಗುವುದಿಲ್ಲ. ಒಳಗಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯಲಿ. ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಪ್ರೊಸೆಸರ್ ಫ್ಯಾನ್ ಪಕ್ಕದಲ್ಲಿ ಉದ್ದಕ್ಕೆ ನಿಂತಿರುವ ಪಟ್ಟಿಯೇ ರ‍್ಯಾಮ್. ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ಮೇಲೇಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಬದಿಗೆ ಕ್ಲಿಪ್ ಇರುತ್ತದೆ, ಇನ್ನೊಂದು ಬದಿಯನ್ನು ಬಲವಂತವಾಗಿ ಎಬ್ಬಬೇಡಿ. ಅಂಚು ಹಿಡಿದು ಎತ್ತಿ. ಕೆಳಗೆ ಚಿನ್ನದ ಬಣ್ಣದ ಹಲ್ಲುಗಳ ಸಾಲು ಕಾಣುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಅವುಗಳ ಮೇಲೆ ಮಂಕು ಪೊರೆ ಕಟ್ಟುತ್ತದೆ. ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರ್‌ನಿಂದ, ಒಳಗಿನಿಂದ ಅಂಚಿನ ಕಡೆಗೆ, ಎರಡೂ ಬದಿ ಹಗುರವಾಗಿ ಉಜ್ಜಿ. ಮರಳು ಕಾಗದ ಬೇಡ, ಇಂಕ್ ಅಳಿಸುವ ಒರಟು ರಬ್ಬರ್ ಕೂಡ ಬೇಡ, ಆ ತೆಳು ಲೇಪವೇ ಹೋಗುತ್ತದೆ. ರಬ್ಬರ್ ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ.

ಈಗ ವಾಪಸ್ ಕೂರಿಸುವುದು. ಹಲ್ಲುಗಳ ನಡುವೆ ಒಂದು ಸೀಳು ಇದೆ ಅಲ್ವಾ, ಅದು ಸರಿಯಾಗಿ ಮಧ್ಯದಲ್ಲಿಲ್ಲ. ಸ್ಲಾಟ್ ಒಳಗಿನ ದಿಣ್ಣೆಗೆ ಅದು ಹೊಂದಲೇಬೇಕು, ಹೊಂದದಿದ್ದರೆ ಪಟ್ಟಿ ತಿರುಗಿಸಿ. ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರ ಕೆಳಕ್ಕೆ ಒತ್ತಿ. ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಬೇಕು. ಬೋರ್ಡ್ ಕೂದಲೆಳೆಯಷ್ಟು ಬಾಗಿದಂತೆ ಕಂಡರೆ ಹೆದರಬೇಡಿ. ಹೆಚ್ಚಿನವರು ಹೆದರಿ ಅರ್ಧಕ್ಕೆ ಕೈ ಬಿಡುತ್ತಾರೆ. ಒಂದು ತುದಿ ಕೂತಿರುತ್ತದೆ, ಇನ್ನೊಂದು ಸ್ವಲ್ಪ ಎದ್ದಿರುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ‘ಟಕ್’ ಎಂದು ಕೇಳಬೇಕು, ಕ್ಲಿಪ್ ತಾನಾಗಿ ಮುಚ್ಚಿಕೊಳ್ಳಬೇಕು. ಕಣ್ಣು ಬೋರ್ಡ್ ಮಟ್ಟಕ್ಕೆ ತಂದು ನೋಡಿ, ಪಟ್ಟಿ ಓರೆಯಾಗಿರಬಾರದು.

ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದ ಎರಡನೆಯದ್ದು ಸರಿಯಾದ ಜಾಗ. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡ್‌ಗಳು ರ‍್ಯಾಮ್ ಬದಲಾಯಿಸಿದ ಮೇಲೆ ಕೆಲವು ನಿಮಿಷ ಸುಮ್ನೆ ಕಪ್ಪಾಗಿಯೇ ಇರುತ್ತವೆ. ಕಾಯಿರಿ, ನಡುವೆ ಆಫ್ ಮಾಡಬೇಡಿ.

ಪ್ರತಿ ಸಲ ಎಫ್1 ಒತ್ತು ಎಂದು ಕೇಳಿ, ತಾರೀಖೂ ಹಿಂದಕ್ಕೆ ಹೋಗಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್ 2032 ಸೆಲ್ ಬದಲಾಯಿಸಿ.

3. ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ

‘ಬೂಟ್ ಡಿವೈಸ್’ ಸಿಗುತ್ತಿಲ್ಲ ಎಂದರೆ ಪೆನ್‌ಡ್ರೈವ್ ಕಿತ್ತು ನೋಡಿ, ಡಿಸ್ಕ್‌ನ ಕೇಬಲ್ ಬಿಗಿ ಮಾಡಿ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ, ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆಯಾದ ಬಯೋಸ್‌ಗೆ ಹೋಗಿ, ಡಿಸ್ಕ್ ಹೆಸರು ಕಾಣುತ್ತಾ ನೋಡಿ. ಹಾರ್ಡ್ ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಓಡಿಸಿದಷ್ಟೂ ಒಳಗಿನ ಫೈಲ್‌ಗಳು ಕೈತಪ್ಪುತ್ತವೆ.

ವಿಂಡೋಸ್ ಲೋಗೊದಲ್ಲೇ ನಿಂತರೆ, ಆ ಹೊತ್ತಿಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರಿ, ನಂತರ ಸಿಸ್ಟಮ್ ರಿಸ್ಟೋರ್, ಈ ಕ್ರಮದಲ್ಲಿ ಹೋಗಿ. ‘ರಿಸೆಟ್’ ಮುಟ್ಟಬೇಡಿ, ಫೈಲ್ ಕಾಪಿ ಆಗುವ ತನಕ. ಡಿಸ್ಕ್‌ಗೆ ವಿಂಡೋಸ್ ಹಾಕಿದ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿದರೆ, ಮೈಕ್ರೋಸಾಫ್ಟ್ ಅಕೌಂಟ್‌ಗೆ ಫೋನಿನಿಂದ ಲಾಗಿನ್ ಆಗಿ ಹುಡುಕಿ, ಸಾಮಾನ್ಯವಾಗಿ ಅಲ್ಲಿರುತ್ತದೆ.

ಇಷ್ಟಾದರೂ ಆಗದಿದ್ದರೆ ಅಂಗಡಿಗೆ ಕೊಡಿ. ಯಾವ ಹಂತದಲ್ಲಿ ನಿಂತಿದೆ, ಏನೇನು ಮಾಡಿ ನೋಡಿದ್ದೀರಿ ಎಂದು ಹೇಳಿ. ಎಸ್‌ಎಂಪಿಎಸ್ ಅಥವಾ ಮದರ್‌ಬೋರ್ಡ್ ರಿಪೇರಿಗೆ ನಿಮ್ಮ ಡಿಸ್ಕ್ ಬೇಕಿಲ್ಲ, ಅದನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಡಿಸ್ಕ್ ಸಮೇತ ಕೊಡಲೇಬೇಕಾದರೆ ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀದಿ ಮೇಲೆಯೇ ಬರೆಸಿಕೊಳ್ಳಿ.