ಮೊದಲು ಟೈರ್, ಆಮೇಲೆ ಆಲ್ ವೀಲ್: ಟೊರಾಂಟೊ ಸುತ್ತಮುತ್ತ ಎಸ್‌ಯುವಿ ಕೊಳ್ಳುವ ಹೊಸಬರಿಗೆ

ಸೆಪ್ಟೆಂಬರ್ ಬಂತು ಅಂದರೆ ಹೊಸದಾಗಿ ಬಂದ ಕುಟುಂಬಗಳಿಂದ ಈ ಪ್ರಶ್ನೆ ಶುರುವಾಗುತ್ತದೆ: "ಎಸ್‌ಯುವಿ ತಗೊಳ್ತಾ ಇದ್ದೀವಿ. ಆಲ್ ವೀಲ್ ಡ್ರೈವ್ ಬೇಕೇ ಬೇಕಾ, ಫ್ರಂಟ್ ವೀಲ್ ಸಾಕಾ?" ಆಲ್ ವೀಲ್ ಅಂದರೆ ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ, ಫ್ರಂಟ್ ವೀಲ್ ಅಂದರೆ ಮುಂದಿನ ಎರಡಕ್ಕೆ ಮಾತ್ರ. ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್, ಓಕ್‌ವಿಲ್ ಕಡೆ ಮನೆ ಮಾಡಿರುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ವಿಂಟರ್ ಟೈರ್ ಹಾಕಿದ ಫ್ರಂಟ್ ವೀಲ್ ಗಾಡಿ ನಿಮಗೆ ಧಾರಾಳವಾಗಿ ಸಾಕು. ಬ್ಯಾರಿ, ಒರಿಲಿಯಾ, ಕಾಲಿಂಗ್‌ವುಡ್ ಕಡೆ ಇದ್ದರೆ ಆಲ್ ವೀಲ್ ತಗೊಳ್ಳಿ. ಆದರೆ ಅದಕ್ಕೂ ವಿಂಟರ್ ಟೈರ್ ಹಾಕಿಸಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಊರು ಬಿಡುವ ಮೊದಲೇ ಆರ್‌ಟಿಓದಿಂದ ಡ್ರೈವಿಂಗ್ ಅನುಭವದ ಪತ್ರ ಮಾಡಿಸಿಕೊಳ್ಳಿ. ಇಲ್ಲಿ ಒಂಟಾರಿಯೋದಲ್ಲಿ ಜಿ-1 ಅನ್ನುವ ಲಿಖಿತ ಪರೀಕ್ಷೆ ಬರೆಯಿರಿ, ರೋಡ್ ಟೆಸ್ಟ್ ಕೊಡಿ. ಗಾಡಿ ಬೆಲೆಯ ಮೇಲೆ 13% ಎಚ್‌ಎಸ್‌ಟಿ, ಅಂದರೆ ಮಾರಾಟ ತೆರಿಗೆ, ಬೀಳುತ್ತದೆ. ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಗಾಡಿ ಬುಕ್ ಮಾಡುವ ಮೊದಲೇ ಕೇಳಿ. ಪೋಸ್ಟಲ್ ಕೋಡ್ ಬದಲಾದರೆ ಪ್ರೀಮಿಯಂ ಬದಲಾಗುತ್ತದೆ. ಹೋಂಡಾ ಸಿಆರ್-ವಿ, ಟೊಯೋಟಾ ಹೈಲ್ಯಾಂಡರ್ ಇಲ್ಲಿ ಜಾಸ್ತಿ ಕಳುವಾಗುವ ಗಾಡಿಗಳು, ಅದರ ಬಿಸಿಯೂ ಪ್ರೀಮಿಯಂಗೆ ತಟ್ಟುತ್ತದೆ.

ಈಗ ಅಸಲು ವಿಷಯ. ನಮ್ಮ ತಲೆಯಲ್ಲಿ ಊರಿನ ಜೀಪು ಕೂತಿರುತ್ತದೆ. ನಾನು ಸಕಲೇಶಪುರದ ಕಡೆಯವನು. ಜುಲೈ ಮಳೆಯಲ್ಲಿ ಕಾಫಿ ತೋಟದ ಕೆಸರಿನಲ್ಲಿ ಹೂತ ಜೀಪನ್ನು ಫೋರ್ ವೀಲ್ ಲಿವರ್ ಎಳೆದು, ಲೋ ಗೇರಿಗೆ ಹಾಕಿ ಹತ್ತಿಸುವುದನ್ನು ನೋಡುತ್ತಲೇ ಬೆಳೆದೆ. ಇಲ್ಲಿ ಹಿಮ ಬೀಳುತ್ತದೆ ಅಂದ ಕೂಡಲೇ ಅಪ್ಪ ಫೋನಿನಲ್ಲಿ, "ದುಡ್ಡಿನ ಮುಖ ನೋಡ್ಬೇಡ, ಫೋರ್ ವೀಲ್ ಗಾಡಿನೇ ತಗೋ" ಅಂದರು. ಮಗ-ಸೊಸೆ-ಮೊಮ್ಮಗಳ ಮೇಲಿನ ಪ್ರೀತಿಯ ಮಾತು ಅದು. ನಿಮ್ಮ ಮನೆಯಲ್ಲೂ ಯಾರೋ ಹೇಳಿಯೇ ಇರುತ್ತಾರೆ.

ಆದರೆ ಇಲ್ಲಿನ ಶೋರೂಮಿನಲ್ಲಿ ಇರುವುದು ಆ ಜೀಪಲ್ಲ. ಎಳೆಯಲು ಲಿವರ್ ಇಲ್ಲ, ಲೋ ಗೇರ್ ಇಲ್ಲ. ಸಿಆರ್-ವಿ, ಟೊಯೋಟಾ ರಾವ್-4 ತರಹದ ಗಾಡಿಗಳು ಮೂಲದಲ್ಲಿ ಫ್ರಂಟ್ ವೀಲ್ ಕಾರುಗಳೇ. ಎಂಜಿನ್ ಮುಂದೆ ಅಡ್ಡಲಾಗಿ ಕೂತಿರುತ್ತದೆ, ಅದರ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆಯೇ ಬೀಳುತ್ತದೆ. ಎಳೆಯುವ ಚಕ್ರದ ಮೇಲೆಯೇ ಭಾರ ಇರುವುದರಿಂದ ಹಿಮದಲ್ಲಿ ಫ್ರಂಟ್ ವೀಲ್ ಗಾಡಿ ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಹೋಗುತ್ತದೆ. ಆಲ್ ವೀಲ್ ಮಾದರಿಯಲ್ಲಿ ಹಿಂದಿನವರೆಗೆ ಒಂದು ಉದ್ದ ಶಾಫ್ಟ್, ಒಂದು ಕ್ಲಚ್, ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಒಂದು ಡಿಫರೆನ್ಶಿಯಲ್ ಸೇರಿಕೊಳ್ಳುತ್ತವೆ. ಮುಂದಿನ ಚಕ್ರ ಜಾರುತ್ತಿದೆ ಅಂತ ಗಾಡಿಯ ಕಂಪ್ಯೂಟರಿಗೆ ಗೊತ್ತಾದರೆ ಕ್ಲಚ್ ಹಿಡಿದುಕೊಂಡು ಹಿಂದಿನ ಚಕ್ರಕ್ಕೂ ಬಲ ಹೋಗುತ್ತದೆ. ಫಾರೆಸ್ಟರ್, ಔಟ್‌ಬ್ಯಾಕ್ ತರಹದ ಸುಬಾರು ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಸದಾ ಬಲ ಇರುತ್ತದೆ.

ಈ ಬಲ ಕೆಲಸಕ್ಕೆ ಬರುವುದು ಗಾಡಿ ಹೊರಡಿಸುವುದಕ್ಕೆ, ಏರು ಹತ್ತಿಸುವುದಕ್ಕೆ. ನಿಲ್ಲಿಸುವುದಕ್ಕೆ ಅಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಇದೆ. ಬ್ರೇಕ್ ಒತ್ತಿದ ಮೇಲೆ ಗಾಡಿಯನ್ನು ಹಿಡಿಯುವುದು ಟೈರು ಮತ್ತು ನೆಲ, ಅಷ್ಟೇ. ಇದನ್ನು ಮಾರುವವರು ಹೇಳುವುದಿಲ್ಲ, ಅದೇ ನನಗೆ ಸಿಟ್ಟು ಬರಿಸುವ ವಿಷಯ. ನಮ್ಮ ಪರಿಚಯದ ಒಂದು ಕುಟುಂಬ ಬಂದ ವರ್ಷವೇ ಸಾಲ ಮಾಡಿ ಆಲ್ ವೀಲ್ ಗಾಡಿ ತೆಗೆದುಕೊಂಡಿತು. ಟೈರ್ ಬಗ್ಗೆ ಡೀಲರು ಚಕಾರ ಎತ್ತಲಿಲ್ಲ. ಡಿಸೆಂಬರ್‌ನ ಒಂದು ಸಂಜೆ ಅವರ ಬಡಾವಣೆಯ ಇಳಿಜಾರಿನಲ್ಲೇ ಸ್ಟಾಪ್ ಬೋರ್ಡ್ ದಾಟಿ ಗಾಡಿ ಜಾರಿತು, ಎದುರಿನ ಹಿಮದ ರಾಶಿಗೆ ಹೋಗಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗು. ದೇವರ ದಯೆ, ಅಡ್ಡ ಯಾವ ಗಾಡಿಯೂ ಬರಲಿಲ್ಲ. ಹೊರಡುವಾಗ ಒಂದು ಚೂರೂ ಜಾರದೆ ಹೊರಟಿತ್ತು, ಹಾಗಾಗಿ ರಸ್ತೆ ಚೆನ್ನಾಗಿದೆ ಅಂದುಕೊಂಡಿದ್ದರು. ಆಲ್ ವೀಲ್‌ನ ಅಪಾಯ ಇರುವುದೇ ಅಲ್ಲಿ. ನೆಲ ಎಷ್ಟು ಜಾರುತ್ತಿದೆ ಅನ್ನುವುದನ್ನೇ ಅದು ಮುಚ್ಚಿಡುತ್ತದೆ.

ಹಾಗಾಗಿ ಟೈರ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಡಿಯ ಜೊತೆ ಬರುವುದು ಸಾಮಾನ್ಯವಾಗಿ ಆಲ್ ಸೀಸನ್ ಟೈರ್. ಹೆಸರು ನಂಬಬೇಡಿ. ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಅದರ ರಬ್ಬರ್ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ನಡೆದಿದ್ದೀರಲ್ಲ, ಅದೇ ಕಥೆ. ವಿಂಟರ್ ಟೈರಿನ ರಬ್ಬರ್ ಚಳಿಯಲ್ಲೂ ಮೆತ್ತಗೇ ಇರುತ್ತದೆ, ಮೈತುಂಬ ಸಣ್ಣ ಸಣ್ಣ ಸೀಳು ಇರುತ್ತವೆ. ಕೈಯಿಂದ ಒತ್ತಿ ನೋಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಬರೀ ಎಂ+ಎಸ್ (M+S, ಕೆಸರು ಮತ್ತು ಹಿಮ) ಅಂತ ಇದ್ದರೆ ಸಾಲದು. ಟೈರ್ ಬದಲಾಯಿಸುವ ರಗಳೆಯೇ ಬೇಡ ಅನ್ನುವವರಿಗೆ ಆಲ್ ವೆದರ್ ಅಂತ ಬೇರೆ ಜಾತಿ ಇದೆ. ಅದಕ್ಕೆ ಈ ಬೆಟ್ಟದ ಗುರುತು ಇರುತ್ತದೆ, ವರ್ಷಪೂರ್ತಿ ಓಡಿಸಬಹುದು. ಊರೊಳಗಷ್ಟೇ ಓಡಾಡುವವರಿಗೆ ಅದು ಪರವಾಗಿಲ್ಲ.

ಹಳೇ ಟೈರ್ ಕೊಳ್ಳುವುದಾದರೆ ಬಗ್ಗಿ ನೋಡಿ. ಟೈರಿನ ಪಕ್ಕದಲ್ಲಿ DOT ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3519 ಅಂದರೆ 2019ರ 35ನೇ ವಾರ. ಟೈರಿನ ಗೀರುಗಳ ಆಳ 4 ಮಿಲಿಮೀಟರ್ ಹತ್ತಿರಕ್ಕೆ ಸವೆದಿದ್ದರೆ ಹಿಮಕ್ಕೆ ಅದು ಬೇಡ. ಇನ್ನೊಂದು ಉಳಿತಾಯದ ಉಪಾಯವನ್ನು ನಮ್ಮವರು ಪದೇ ಪದೇ ಕೇಳುತ್ತಾರೆ: ಫ್ರಂಟ್ ವೀಲ್ ಗಾಡಿ ತಾನೇ, ಮುಂದಿನ ಎರಡಕ್ಕೆ ಮಾತ್ರ ವಿಂಟರ್ ಹಾಕಿದರೆ ಸಾಲದಾ? ದಯವಿಟ್ಟು ಹಾಗೆ ಮಾಡಬೇಡಿ. ಮುಂಭಾಗ ನೆಲ ಹಿಡಿದು ನಿಧಾನವಾಗುತ್ತದೆ, ಹಿಂಭಾಗ ಜಾರಿ ಬುಗುರಿ ಹಾಗೆ ಗಾಡಿ ತಿರುಗಿಬಿಡುತ್ತದೆ. ನಾಲ್ಕೂ ಹಾಕಿಸಿ, ಇಲ್ಲವೇ ಆ ದಿನ ಗಾಡಿ ತೆಗೆಯಬೇಡಿ.

ದುಡ್ಡಿನ ಲೆಕ್ಕವೂ ನೋಡಿ. ಒಂದೇ ಗಾಡಿಯಲ್ಲಿ ಆಲ್ ವೀಲ್ ಬೇಕು ಅಂದರೆ ಸಾಮಾನ್ಯವಾಗಿ 2,000-3,000 ಡಾಲರ್ ಜಾಸ್ತಿ, ಮೇಲೆ ತೆರಿಗೆ, ಮೇಲೆ ಸಾಲದ ಬಡ್ಡಿ. ರಿಮ್ ಸಮೇತ ನಾಲ್ಕು ವಿಂಟರ್ ಟೈರ್ 1,000-1,500 ಡಾಲರ್ ಆಸುಪಾಸಿನಲ್ಲಿ ಬರುತ್ತವೆ. ಅವು ಓಡುವ ತಿಂಗಳುಗಳಲ್ಲಿ ಬೇಸಿಗೆ ಟೈರ್ ಸವೆಯುವುದಿಲ್ಲ. 2016ರಿಂದ ಒಂಟಾರಿಯೋದಲ್ಲಿ ವಿಂಟರ್ ಟೈರ್ ಹಾಕಿದವರಿಗೆ ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿ ಕೊಡಲೇಬೇಕು, ಕೇಳಿ ಪಡೆಯಿರಿ. ಮೈಲೇಜ್ ಎಷ್ಟು ಅಂತ ಕೇಳದೆ ನಮ್ಮವರು ಗಾಡಿ ಮುಟ್ಟುವುದಿಲ್ಲ ಅಲ್ವಾ? ಪೆಟ್ರೋಲ್ ಆಲ್ ವೀಲ್ ಗಾಡಿ 100 ಕಿಲೋಮೀಟರಿಗೆ ಅರ್ಧ ಲೀಟರ್ ಆಸುಪಾಸು ಜಾಸ್ತಿ ಕುಡಿಯುತ್ತದೆ. ರಾವ್-4 ಹೈಬ್ರಿಡ್‌ನ ಆಲ್ ವೀಲ್ ಬೇರೆ ತರಹ. ಅಲ್ಲಿ ಶಾಫ್ಟ್ ಇಲ್ಲ, ಹಿಂದಿನ ಚಕ್ರಕ್ಕೆ ಪ್ರತ್ಯೇಕ ಮೋಟರ್ ಇದೆ, ಹಾಗಾಗಿ ಮೈಲೇಜ್ ಅಷ್ಟಾಗಿ ಪೆಟ್ಟು ತಿನ್ನುವುದಿಲ್ಲ. ಬಜೆಟ್ ಇದ್ದರೆ ಅದನ್ನು ಒಮ್ಮೆ ಓಡಿಸಿ ನೋಡಿ. ಆಲ್ ವೀಲ್‌ನಲ್ಲಿ ನಾಲ್ಕೂ ಟೈರ್ ಒಂದೇ ಅಳತೆಗೆ ಸವೆದಿರಬೇಕು ಅನ್ನುವುದೂ ನೆನಪಿರಲಿ. ಒಂದು ಟೈರ್ ಹರಿದುಹೋದರೆ ಕೆಲವೊಮ್ಮೆ ನಾಲ್ಕನ್ನೂ ಬದಲಾಯಿಸಬೇಕಾಗುತ್ತದೆ.

ಆಲ್ ವೀಲ್ ಯಾರಿಗೆ ನಿಜವಾಗಿ ಬೇಕು? ಜಾರ್ಜಿಯನ್ ಬೇ ಮತ್ತು ಹ್ಯುರಾನ್ ಸರೋವರದ ಮೇಲೆ ಬೀಸುವ ತಣ್ಣನೆಯ ಗಾಳಿ ನೀರಿನ ತೇವ ಹೀರಿಕೊಂಡು ಬ್ಯಾರಿ, ಒರಿಲಿಯಾ, ಓವೆನ್ ಸೌಂಡ್ ಕಡೆ ಒಂದೇ ಸಮನೆ ಹಿಮ ಸುರಿಸುತ್ತದೆ. 400 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವಾಗ ಇಲ್ಲಿ ಬಿಸಿಲು, ಮುಂದೆ ಹತ್ತಡಿಯೂ ಕಾಣದ ಬಿಳಿಗೋಡೆ. ಅಂಥಲ್ಲಿ ಮನೆ ಇದ್ದರೆ, ಆಸ್ಪತ್ರೆಯ ಶಿಫ್ಟ್‌ಗೆ ಹಿಮ ತಳ್ಳುವ ಪ್ಲೋ ಲಾರಿ ಬರುವ ಮೊದಲೇ ಮನೆ ಬಿಡುವವರಾದರೆ, ಡ್ರೈವ್‌ವೇ ಕಡಿದಾಗಿದ್ದರೆ, ಎರಡು ಮಾತಿಲ್ಲ, ತಗೊಳ್ಳಿ. 401 ಹೆದ್ದಾರಿಯಲ್ಲಿ ಆಫೀಸು, ಮಕ್ಕಳ ಶಾಲೆ, ಇಂಡಿಯನ್ ಅಂಗಡಿ ಅಂತ ಓಡಾಡುವವರಿಗೆ ಅದು ಬೇಕಿಲ್ಲ. ಇಂಥ ದೊಡ್ಡ ಹೆದ್ದಾರಿಗಳನ್ನು ಹಿಮ ನಿಂತ 8 ಗಂಟೆಯೊಳಗೆ ಡಾಂಬರು ಕಾಣುವ ಹಾಗೆ ಮಾಡಬೇಕು ಅನ್ನುವುದು ಪ್ರಾಂತ್ಯ ಇಟ್ಟುಕೊಂಡಿರುವ ಗುರಿ. ಪ್ಲೋ ಹೋದ ಮೇಲೆ ಡ್ರೈವ್‌ವೇ ಬಾಯಿಗೆ ಅಡ್ಡಲಾಗಿ ಬೀಳುವ ಗಟ್ಟಿ ಹಿಮದ ಏರಿಗೆ ಸಲಿಕೆಯೇ ಮದ್ದು.

ಮಕ್ಕಳ ವಿಷಯದಲ್ಲಿ ಒಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ದಪ್ಪ ಜಾಕೆಟ್ ಹಾಕಿಸಿ ಅದರ ಮೇಲೆ ಕಾರ್ ಸೀಟಿನ ಬೆಲ್ಟ್ ಕಟ್ಟಬೇಡಿ. ಡಿಕ್ಕಿಯಾದರೆ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲಿ ಬೆಲ್ಟ್ ಕಟ್ಟಿ, ಮೇಲೆ ಕಂಬಳಿ ಹೊದಿಸಿ.

ಈ ಪ್ರಶ್ನೆಯ ಹಿಂದೆ ಇರುವುದು ಗಾಡಿಯ ಚಿಂತೆಯಷ್ಟೇ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಊರಲ್ಲಿ ಗಾಡಿ ಹೂತರೆ ಕೂಗಿದರೆ ಸಾಕು, ತೋಟದಿಂದ ನಾಲ್ಕು ಜನ ಬಂದು ತಳ್ಳುತ್ತಿದ್ದರು. ಇಲ್ಲಿ ಯಾರನ್ನು ಕೂಗುವುದು ಅನ್ನುವ ಭಯ. ಆ ಭಯಕ್ಕೆ ನಾವು ದುಡ್ಡು ಕೊಡುತ್ತೇವೆ. ನಿಜ ಹೇಳಬೇಕೆಂದರೆ ಇಲ್ಲೂ ಜನ ಬರುತ್ತಾರೆ. ಹೆಸರೂ ಗೊತ್ತಿಲ್ಲದ ಪಕ್ಕದ ಮನೆಯವರು ಸಲಿಕೆ ಹಿಡಿದು ಬಂದು, ಗಾಡಿ ತಳ್ಳಿಕೊಟ್ಟು, ಕೈ ಬೀಸಿ ಹೋಗುತ್ತಾರೆ. ನೀವೂ ಹಾಗೆ ಹೋಗಿ. ಇಲ್ಲಿ ನೆಂಟಸ್ತಿಕೆ ಬೆಳೆಯುವುದು ಹಾಗೆಯೇ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಶಿವರಾತ್ರಿಯ ದಿನ ಎಟೋಬಿಕೋದ ಶೃಂಗೇರಿ ದೇವಸ್ಥಾನಕ್ಕೆ ಎಷ್ಟೋ ಸಲ ಹಿಮದಲ್ಲೇ ಹೋಗಿದ್ದೇವೆ, ಫ್ರಂಟ್ ವೀಲ್ ಗಾಡಿಯಲ್ಲೇ. ಮಗಳಿಗೆ ಶೃಂಗೇರಿ ಅಂದರೆ ಆ ಕಟ್ಟಡ. ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಮಂಡಕ್ಕಿ ಹಾಕುವುದನ್ನು ನಾನು ಕಾರಿನಲ್ಲಿ ವರ್ಣಿಸುತ್ತೇನೆ, ಅವಳು ಕಿಟಕಿಯಾಚೆ ಬೀಳುವ ಹಿಮ ನೋಡುತ್ತಿರುತ್ತಾಳೆ. ಬೆಳಗಾದರೆ ಸ್ಕೂಲ್ ಬಸ್ ರದ್ದಾಗಲಿ ಅನ್ನುವುದೇ ಅವಳ ಪ್ರಾರ್ಥನೆ. ನಮಗೆ ಮೊದಲ ಮಳೆ ಇದ್ದ ಹಾಗೆ ಅವಳಿಗೆ ಮೊದಲ ಹಿಮ. ಅದು ನನಗೆ ಸಂತೋಷವೇ. ಆದರೂ ತೋಟದ ಮಳೆಯ ಸದ್ದು ಅವಳಿಗೆ ನೆನಪಾಗಿ ಉಳಿಯುವುದಿಲ್ಲವಲ್ಲ ಅನ್ನುವ ನೋವು ಇದೆ. ಅದಕ್ಕೆ ಯಾವ ಗಾಡಿ ಕೊಂಡರೂ ಪರಿಹಾರವಿಲ್ಲ. ರಜೆಗೆ ಜುಲೈನಲ್ಲೇ ಊರಿಗೆ ಕರೆದುಕೊಂಡು ಹೋಗಿ, ಕೆಸರಾದರೂ ಸರಿ.

ಕೊನೆಗೆ ಮಾಡಬೇಕಾದ ಕೆಲಸ. ಮೊದಲ ಹಿಮ ಬಿದ್ದ ಭಾನುವಾರ ಒಂದು ಖಾಲಿ ಪಾರ್ಕಿಂಗ್ ಲಾಟ್‌ಗೆ ಹೋಗಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ. ಪೆಡಲ್ ಕಾಲಡಿಯಲ್ಲಿ ಕಟಕಟ ಅಂತ ನಡುಗುತ್ತದೆ, ಅದು ಚಕ್ರ ಕಚ್ಚಿಕೊಳ್ಳದ ಹಾಗೆ ತಡೆಯುವ ಎಬಿಎಸ್, ಹೆದರಿ ಕಾಲು ತೆಗೆಯಬೇಡಿ. ಎಷ್ಟು ದೂರಕ್ಕೆ ನಿಲ್ಲುತ್ತದೆ ನೋಡಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಮಾಡಿ. ಕ್ವಿಬೆಕ್‌ಗೆ ವಲಸೆ ಹೋಗುವವರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅಲ್ಲಿ ನೋಂದಣಿಯಾದ ಕಾರಿಗೆ ವಿಂಟರ್ ಟೈರ್ ಕಾನೂನಿನಲ್ಲೇ ಕಡ್ಡಾಯ. ಒಂಟಾರಿಯೋದಲ್ಲಿ ಕಡ್ಡಾಯವಿಲ್ಲ, ಆದರೆ ನವೆಂಬರ್ ಹಿಮ ಬಿದ್ದ ಮೇಲೆ ಟೈರ್ ಅಂಗಡಿಯಲ್ಲಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಅಕ್ಟೋಬರ್ ಮಧ್ಯದೊಳಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ಳಿ.