ಬೈಕ್ ಎಂಜಿನ್ ಕಿಟ್ ಕಾರಿಗೆ ಯಾವ ಡಿಫ್ ಹಾಕಬೇಕು?

ಬ್ರಿಟನ್ನಿನಲ್ಲಿ ಲೋಕಾಸ್ಟ್ (ಅಗ್ಗವಾಗಿ ಮನೆಯಲ್ಲೇ ಕಟ್ಟುವ ಪುಟ್ಟ ಸ್ಪೋರ್ಟ್ಸ್ ಕಾರು) ಥರದ ಕಾರಿಗೆ ಯಮಹಾ ಆರ್1 ಬೈಕಿನ ಎಂಜಿನ್ ಕೂರಿಸುವವರು ಹೆಚ್ಚಾಗಿ ಹಳೇ ಫೋರ್ಡ್ ಸಿಯೆರಾ ಕಾರಿನ ಡಿಫ್ (ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಜೋಡಣೆ) ಹುಡುಕುತ್ತಾರೆ. ಅದರಲ್ಲಿ 3.14, 3.38, 3.62, 3.92 ಹೀಗೆ ಬೇರೆ ಬೇರೆ ರೇಶಿಯೊಗಳು (ಚಕ್ರ ಒಂದು ಸುತ್ತು ತಿರುಗಲು ಡಿಫ್‌ಗೆ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ) ಸಿಗುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಯಾವುದೋ ಒಂದನ್ನು ತರಬೇಡಿ, ಮೊದಲು ಲೆಕ್ಕ ಹಾಕಿ.

ಪ್ರೈಮರಿ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಗೇರ್ ಜೋಡಿ), ಗೇರ್, ಡಿಫ್ ಮೂರೂ ರೇಶಿಯೊಗಳನ್ನು ಗುಣಿಸಿ. ಆರ್‌ಪಿಎಂ ಅನ್ನು ಅದರಿಂದ ಭಾಗಿಸಿ. ಬಂದದ್ದನ್ನು ಟೈರಿನ ಸುತ್ತಳತೆ (ಮೀಟರಲ್ಲಿ) ಮತ್ತು 0.06ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. ಮೊದಲ ತಲೆಮಾರಿನ ಆರ್1ರಲ್ಲಿ ಪ್ರೈಮರಿ 1.581, ಆರನೇ ಗೇರ್ 1.115. 185/60 ಆರ್13 ಟೈರಿನ ಸುತ್ತಳತೆ ಸುಮಾರು 1.73 ಮೀಟರ್. 11,000 ಆರ್‌ಪಿಎಂಗೆ 3.14ರಲ್ಲಿ ಗಂಟೆಗೆ ಸುಮಾರು 206 ಕಿ.ಮೀ., 3.62ರಲ್ಲಿ 179, 3.92ರಲ್ಲಿ 165.

3.92 ಚುರುಕು, ನಿಜ. ಬೆಟ್ಟದ ಸ್ಪರ್ಧೆಗೆ ಅದೇ ಸರಿ. ಆದರೆ ಹೆದ್ದಾರಿಯಲ್ಲಿ 110ಕ್ಕೇ ಎಂಜಿನ್ 7,300ರಲ್ಲಿ ಕಿರುಚುತ್ತದೆ, ಕಿವಿ ಉಳಿಯಬೇಕಲ್ವಾ! 3.14ರಲ್ಲಿ ಸದ್ದು ಕಡಿಮೆ, ಆದರೆ ಒಂದನೇ ಗೇರ್ ಉದ್ದವಾಗುತ್ತದೆ, ಅಂದರೆ ಹೊರಡುವಾಗ ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸಬೇಕು. ಬೈಕಿಗೆಂದು ಮಾಡಿದ ಕ್ಲಚ್ಚು ಬೈಕಿಗಿಂತ ಎರಡು ಪಟ್ಟಿಗೂ ಜಾಸ್ತಿ ತೂಕದ ಕಾರನ್ನು ಎಳೆಯುವಾಗ ಬೇಗ ಸವೆಯುತ್ತದೆ. ರಸ್ತೆ, ಟ್ರ್ಯಾಕ್ ಎರಡಕ್ಕೂ ನನ್ನ ಆಯ್ಕೆ 3.62.

ಕೊಳ್ಳುವಾಗ ಡಿಫ್‌ನ ಚಕ್ರದ ಕಡೆಯ ಎರಡೂ ಔಟ್‌ಪುಟ್‌ಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿ, ಇನ್‌ಪುಟ್ ಫ್ಲ್ಯಾಂಜ್ (ಎಂಜಿನ್ ಕಡೆಯ ಶಾಫ್ಟ್ ಸೇರುವ ಬಿಲ್ಲೆ) ಎಷ್ಟು ಸುತ್ತಿತು ಎಣಿಸಿ. ಅದೇ ರೇಶಿಯೊ.