ಚೀಟಿ ಇದ್ದರೇನೇ ಮಗು

ಮೈಸೂರಲ್ಲಿ ಸಂತ ಫಿಲೋಮಿನಾ ಚರ್ಚಿಗೆ ಹೋದರೆ ಮಗು ನಮ್ಮ ತೊಡೆ ಮೇಲೇ ಇರುತ್ತಿತ್ತು. ಜಾರಿ ಓಡಿದರೆ ಹಿಂದಿನ ಬೆಂಚಿನ ಯಾರೋ ಆಂಟಿ ಹಿಡಿದು ಕೂರಿಸಿಕೊಳ್ಳುತ್ತಿದ್ದರು. ಇಲ್ಲಿ ಅಮೆರಿಕದಲ್ಲಿ ಎಷ್ಟೋ ಚರ್ಚುಗಳಲ್ಲಿ ಆರಾಧನೆ ಹೊತ್ತಿಗೆ ಮಕ್ಕಳಿಗೆ ಬೇರೆ ಕೋಣೆ. ಬಾಗಿಲಲ್ಲಿ ಹೆಸರು ಬರೆಸಿ ಬಿಟ್ಟು ಹೋಗಬೇಕು. ಇದಕ್ಕೆ ಚೆಕ್‌ಇನ್ ಅಂತಾರೆ.

ಮೊದಲ ಸಲ ಕಾಲು ಗಂಟೆ ಮುಂಚೆ ಹೋಗಿ. ಮಗುವಿನ ಹೆಸರು, ಹುಟ್ಟಿದ ದಿನ, ಅಲರ್ಜಿ, ನಿಮ್ಮ ಫೋನ್ ನಂಬರ್ ಕೇಳುತ್ತಾರೆ. ನಮ್ಮ ಇನಿಷಿಯಲ್, ಅಪ್ಪನ ಹೆಸರು, ಊರ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತೆ ಅಲ್ವಾ, ಮುಂದಿನ ವಾರ ಹೆಸರು ಹಾಕಿ ಹುಡುಕಿದರೆ ಸಿಗೋದೇ ಇಲ್ಲ. ಫೋನ್ ನಂಬರೇ ವಾಸಿ. ಗಂಡ ಹೆಂಡತಿ ಇಬ್ಬರದ್ದೂ ಬರೆಸಿ. ಆಮೇಲೆ ಎರಡು ಚೀಟಿ ಬರುತ್ತವೆ, ಎರಡರಲ್ಲೂ ಒಂದೇ ಕೋಡ್. ಒಂದನ್ನು ಮಗುವಿಗೆ ಅಂಟಿಸುತ್ತಾರೆ, ಇನ್ನೊಂದು ನಿಮ್ಮ ಕೈಗೆ. ಅದನ್ನು ತೋರಿಸಿದರೇನೇ ಮಗುವನ್ನು ವಾಪಸ್ ಕೊಡೋದು. ಮಗು ಅಳು ನಿಲ್ಲಿಸದಿದ್ದರೆ ಫೋನಿಗೆ ಮೆಸೇಜ್ ಬರುತ್ತದೆ. ಕೆಲವು ಕಡೆ ಆರಾಧನೆ ನಡೆಯುವ ಹಾಲಿನ ಸ್ಕ್ರೀನಿನ ಮೂಲೆಯಲ್ಲಿ ಆ ಕೋಡ್ ತೋರಿಸುತ್ತಾರೆ.

ನಮ್ಮತ್ತೆ ಮಂಡ್ಯದಿಂದ ಬಂದಿದ್ದಾಗ ಮೊಮ್ಮಗಳನ್ನು ಕರೆತರಲು ತಾವೇ ಎದ್ದು ಹೋದರು. ಚೀಟಿ ನನ್ನ ಪರ್ಸಲ್ಲಿತ್ತು. ಮಗು "ಅಜ್ಜೀ" ಅಂತ ಕೈ ಚಾಚಿದರೂ ಬಾಗಿಲಲ್ಲಿದ್ದ ಹುಡುಗಿ ನಗುನಗುತ್ತಲೇ ಬಿಡಲಿಲ್ಲ. "ನಾನೇನು ಮಕ್ಕಳ ಕಳ್ಳಿಯೇನೇ?" ಅಂತ ಅತ್ತೆ ಮನೆ ಮುಟ್ಟುವವರೆಗೂ ಅಂದರು. ನನಗೂ ಅವತ್ತು ಬೇಜಾರಾಯಿತು. ಆದರೆ ಆ ಹುಡುಗಿಗೆ ಇವರು ಯಾರು ಅಂತ ಹೇಗೆ ಗೊತ್ತಾಗಬೇಕು? ಊರಿಂದ ದೊಡ್ಡವರು ಬಂದ ಕೂಡಲೇ ಮಗುವನ್ನು ಕರೆದೊಯ್ಯುವವರ ಪಟ್ಟಿಗೆ ಅವರ ಹೆಸರು ಸೇರಿಸಿ, ಚೀಟಿಯನ್ನೂ ಅವರ ಕೈಯಲ್ಲೇ ಕೊಡಿ.

ಕೋಣೆಯೊಳಗೆ ಯಾರಿರುತ್ತಾರೆ ಅಂತ ಕೇಳೋಕೆ ಸಂಕೋಚ ಬೇಡ. ಇಬ್ಬರಾದರೂ ದೊಡ್ಡವರು ಇರಬೇಕು, ಅವರಿಬ್ಬರೂ ಒಂದೇ ಮನೆಯವರಾಗಿರದಿದ್ದರೆ ಇನ್ನೂ ಒಳ್ಳೆಯದು. ಅವರ ಮೇಲೆ ಹಳೇ ಕೇಸು ಇದೆಯಾ ಅಂತ ತಪಾಸಣೆ ಆಗಿದೆಯಾ, ಟಾಯ್ಲೆಟ್ಟಿಗೆ ಯಾರು ಕರೆದೊಯ್ಯುತ್ತಾರೆ, ಎಲ್ಲ ಕೇಳಿ. ನೀವೇ ಮಕ್ಕಳನ್ನು ನೋಡಿಕೊಳ್ಳೋಕೆ ಬರ್ತೀನಿ ಅಂದರೂ ಅದೇ ತಪಾಸಣೆ ಮಾಡುತ್ತಾರೆ, ಕೆಲವು ಕಡೆ ತಿಂಗಳುಗಟ್ಟಲೆ ಕಾಯಿಸುತ್ತಾರೆ. ಅವಮಾನ ಅಂದುಕೊಳ್ಳಬೇಡಿ.

ಮಗುವಿಗೆ ಕನ್ನಡ ಮಾತ್ರ ಬರುವುದಾದರೆ ಸುಸ್ಸು, ಕಕ್ಕ, ನೀರು, ನೋವು ಅಂದರೆ ಏನಂತ ಇಂಗ್ಲಿಷಲ್ಲಿ ಬರೆದುಕೊಡಿ. ನನ್ನ ಮಗಳು ಮೂರು ಸಲ "ಸುಸ್ಸು" ಅಂದಳಂತೆ, ಟೀಚರ್ ಅದನ್ನು ಯಾರೋ ಗೆಳತಿಯ ಹೆಸರು ಅಂದುಕೊಂಡರಂತೆ. ಚಡ್ಡಿ ಒದ್ದೆ. ಬ್ಯಾಗಿನಲ್ಲಿ ಕಡಲೆಬೀಜದ ಚಿಕ್ಕಿ ಮಾತ್ರ ಇಡಬೇಡಿ. ನಮ್ಮ ಮಕ್ಕಳು ಹಂಚಿ ತಿನ್ನುತ್ತಾರೆ, ಪಕ್ಕದ ಮಗುವಿಗೆ ಅಲರ್ಜಿ ಇದ್ದರೆ ಜೀವಕ್ಕೇ ಬರುತ್ತದೆ.

ನನಗೆ ಜಾಸ್ತಿ ಭಯ ಇರುವುದು ನಮ್ಮ ಕನ್ನಡದವರೇ ಸೇರುವ ಆರಾಧನೆಯಲ್ಲಿ. ಅಲ್ಲಿ ಚೀಟಿಯೂ ಇಲ್ಲ, ಬಾಗಿಲಲ್ಲಿ ಯಾರೂ ಇಲ್ಲ. ಊಟದ ಹೊತ್ತಿಗೆ ದೊಡ್ಡವರು ತಟ್ಟೆ ಹಿಡಿದು ಮಾತಿಗೆ ನಿಲ್ಲುತ್ತಾರೆ, ಮಕ್ಕಳು ಪಾರ್ಕಿಂಗ್ ಲಾಟಿನಲ್ಲಿ ಕಾರುಗಳ ಮಧ್ಯೆ ಓಡುತ್ತಿರುತ್ತವೆ. ಯಾರೋ ನೋಡ್ತಿದ್ದಾರೆ ಬಿಡಿ ಅಂತ ಎಲ್ಲರೂ ಸುಮ್ನೆ ಇರುತ್ತಾರೆ. ಅಲ್ಲಿಗೆ ಬಂದರೆ ನೀವೇ ಇನ್ನೊಬ್ಬರನ್ನು ಕರೆದುಕೊಂಡು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತುಬಿಡಿ. ತಟ್ಟೆ ಅಲ್ಲಿಗೇ ತಂದುಕೊಡುತ್ತಾರೆ.

ಅಂದಹಾಗೆ, ಕ್ರಿಸ್‌ಮಸ್‌ಗೆ ಮಗುವಿಗೆ ರೇಷ್ಮೆ ಲಂಗ ಹಾಕಿದ್ದರೆ ಮೇಲೊಂದು ಸ್ವೆಟರ್ ಹಾಕಿ, ಚೀಟಿ ಅದಕ್ಕೇ ಅಂಟಿಸಲು ಹೇಳಿ. ಆ ಗೋಂದು ರೇಷ್ಮೆಯಿಂದ ಸುಲಭಕ್ಕೆ ಬಿಡಲ್ಲ.